ಈ ಬದಿ ಮೇಲೆ

ಬೈತಖೋಲದಾಚೆಯ ಫ್ಯಾಕ್ಟರಿಯಲ್ಲಿ ನನ್ನದು ಹತ್ತೊಂಬತ್ತನೇ ವರ್ಷ.
ಮಾಣಕಿಯ ಮಸಿಚೀಲ ಒಡೆಯದಂತೆ ಕೀಳಬೇಕು,
ತೊಳೆದು, ಬಿಳಿ ಮಾಡಿ, ಹತ್ತು ಕಿಲೋದ ರಟ್ಟಿಗೆ ತುಂಬಬೇಕು.
ರಟ್ಟಿನ ಮೇಲೆ ಜಪಾನಿನ ಅಕ್ಷರ:
ಒಂದು, ಏಡಿಯ ಮುರಿದ ಕಾಲು.
ಇನ್ನೊಂದು, ಬಾಗಿಲಿಲ್ಲದ ಮನೆ.
ಓದಲು ಬಾರದ್ದನ್ನು ಇಷ್ಟು ವರ್ಷ ಹೊತ್ತೆ.

ಒದ್ದೆಯಾಗಿ ಮೂಲೆ ಮೆತ್ತಗಾದ ರಟ್ಟು ಮನೆಗೆ ಒಯ್ಯಬಹುದು,
ಸೂಪರ್‌ವೈಸರ್ ಬೇಡವೆನ್ನುವುದಿಲ್ಲ.
ಒಲೆಗೆಂದು ಒಯ್ದೆ.
ಒಲೆಗೆ ಸಿಕ್ಕಲಿಲ್ಲ.
ತಂಗಿಯ ಮಗಳು ಪ್ರಾಂಜಲ
ಬಿಚ್ಚಿ, ಚಪ್ಪಟೆ ಮಾಡಿ, ಟೇಪು ಹಚ್ಚಿ
ಬಲೆ ಒಣಗಿಸುವ ಸಿಮೆಂಟು ಕಟ್ಟೆಗೆ ಹಾಸಿ
ನೆತ್ತಿಯೂರಿ ತಿರುಗತೊಡಗಿದಳು.
ಬುಗುರಿಗೂ ಇಷ್ಟು ಹಟವಿರುವುದಿಲ್ಲ.

ಮೊಬೈಲಿನೊಳಗೆ ಅವಳ ಗುರು.
ಹೆಸರು ಶಿಯೋ. ಅಂದರೆ ಉಪ್ಪು.
ಭರತದ ನೀರಿಗೂ ಅಲ್ಲಿ ಅದೇ ಸದ್ದಂತೆ,
ಬರೆಯುವಾಗ ಮಾತ್ರ ಬೇರೆ.
ಅವಳ ಕಥೆ ನನಗೆ ತುಂಡು ತುಂಡಾಗಿ ಬಂತು,
ಬಂಗಡೆ ಹೆಚ್ಚುತ್ತ ಕೇಳಿದ್ದಲ್ಲವೆ:

ಅವಳ ಊರಲ್ಲೂ ಧಕ್ಕೆಯಿದೆ. ಅಪ್ಪ ಐಸು ಒಡೆಯುವವನು.
ಏಳನೇ ವಯಸ್ಸಿಗೆ, ರಾತ್ರಿ, ಬೀದಿ ಖಾಲಿಯಾದ ಮೇಲೆ
ಬ್ಯಾಂಕಿನ ಗಾಜೇ ಕನ್ನಡಿ.
ಕಾವಲಿನ ಮುದುಕ ಓಡಿಸಿದ, ಮರುದಿನವೂ ಓಡಿಸಿದ,
ಮೂರನೇ ತಿಂಗಳು ಒಳಗಿನ ದೀಪ ಆರಿಸದೆ ಬಿಟ್ಟ.
ಹದಿನಾಲ್ಕಕ್ಕೆ ಗಂಡುಹುಡುಗರೆದುರು ಸೋತಳು.
ಹದಿನೈದಕ್ಕೆ ಸೋತಳು. ಹದಿನಾರಕ್ಕೆ
ಸೋತದ್ದು ಅವರು. ಅದನ್ನು ಹೇಳುವಾಗ ಪ್ರಾಂಜಲ
ಎಷ್ಟು ಅವಸರ ಮಾಡುತ್ತಾಳೆಂದರೆ
ಯಾವ ದೇಶ, ಯಾವ ಪದಕ, ನನಗೆ ಇನ್ನೂ ಗೊತ್ತಿಲ್ಲ.

ಆಮೇಲೆ ಭುಜ ಕಳಚಿತು.
ಉಪ್ಪು ತಿಂದ ಮೇಲೆ ನೀರು ಕುಡಿಯದೆ ಆದೀತೆ, ಅಂದೆ.
ಹುಡುಗಿ ಎರಡು ದಿನ ಮಾತು ಬಿಟ್ಟಳು.

ಮೂರನೇ ದಿನ ತಾನೇ ಹೇಳಿದಳು:
ಎರಡು ವರ್ಷ ಶಿಯೋ ಯಾವ ಪಂದ್ಯದಲ್ಲೂ ಇರಲಿಲ್ಲ.
ಅಪ್ಪನ ಧಕ್ಕೆಯಲ್ಲೇ ದಿನಗೂಲಿ,
ಹೊರದೇಶದಿಂದ ಬಂದ ರಟ್ಟು ಬಿಚ್ಚುವ ಕೆಲಸ.
ನಾನು ಚಾಕು ನಿಲ್ಲಿಸಿದೆ.
ಯಾವ ವರ್ಷ?
ಬೆರಳು ಮಡಚಿ ಲೆಕ್ಕ ಹಾಕಿದೆವು.
ನನ್ನ ಹೆಬ್ಬೆರಳಿನ ಉಗುರು ಹೋದ ವರ್ಷ.
ನಾನು ಅಂಟಿಸಿದ ಟೇಪನ್ನು ಅವಳು ಹರಿದಿರಬಹುದು.
ಹರಿಯದೆಯೂ ಇರಬಹುದು. ಸಮುದ್ರ ದೊಡ್ಡದು,
ಮಾಣಕಿ ಎಲ್ಲೆಲ್ಲಿಂದಲೋ ಹೋಗುತ್ತದೆ.

ಮರಳಿ ಬಂದಾಗ ಅವಳಿಗೆ ಮೂವತ್ತೊಂದು.
ಎದುರಿಗೆ ಅವಳ ಅರ್ಧ ವಯಸ್ಸಿನ ಹುಡುಗಿ.
ಆ ವೀಡಿಯೊ ನಾನೂ ನೋಡಿದೆ,
ನೆಟ್‌ವರ್ಕ್ ಸಿಗುವ ಕಟ್ಟೆಯ ತುದಿಯಲ್ಲಿ ನಿಂತು.
ಸುತ್ತು ಕಮ್ಮಿ. ಎಡಗೈ ಒಂದನ್ನೇ ಊರಿ
ಇಡೀ ಮೈಯನ್ನು ಗಾಳಿಯಲ್ಲಿ ಓರೆಯಾಗಿ ನಿಲ್ಲಿಸಿದಳು.
ತಾಳ ಹೋಗುತ್ತಲೇ ಇದೆ, ಅವಳು ಹೋಗುತ್ತಿಲ್ಲ.
ಇದಕ್ಕೆ ಫ್ರೀಜ್ ಅನ್ನುತ್ತಾರೆ ಮಾವ್ಶಿ, ಅಂದಳು ಪ್ರಾಂಜಲ.
ನಗು ಬಂತು.
ಮೈನಸ್ ನಲವತ್ತರ ಕೋಣೆಯ ಬಾಗಿಲನ್ನು
ದಿನಕ್ಕೆ ಅರವತ್ತು ಸಲ ತೆರೆಯುವವಳಿಗೆ
ಫ್ರೀಜ್ ಕಲಿಸುತ್ತೀಯಾ?

ಐವರಲ್ಲಿ ಮೂವರ ಕೈ ಶಿಯೋ ಕಡೆ ಹೋಯಿತು.
ಗೆದ್ದವಳು ಕುಣಿಯಲಿಲ್ಲ. ಬಗ್ಗಿ ನೆಲ ಮುಟ್ಟಿದಳು,
ನಮ್ಮ ಗಂಡಸರು ದೋಣಿ ಹತ್ತುವ ಮೊದಲು ಮುಟ್ಟುವ ಹಾಗೆ.
ಇಷ್ಟು ಮಾತ್ರ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಿನ್ನೆ ಪ್ರಾಂಜಲ ಮೊಬೈಲನ್ನು ರಟ್ಟಿನೆದುರು ಹಿಡಿದು
ಅಕ್ಷರಗಳನ್ನು ಕನ್ನಡಕ್ಕೆ ತಿರುಗಿಸಿದಳು.
ಬಾಗಿಲಿಲ್ಲದ ಮನೆ: ಎಸೆಯಬೇಡಿ.
ಏಡಿಯ ಕಾಲು: ಈ ಬದಿ ಮೇಲೆ.
ಓದಿ ಮುಗಿಸಿ, ಸರಿಯಾಗಿ ಆ ಬಾಣದ ಗುರುತಿಗೇ ನೆತ್ತಿಯಿಟ್ಟು
ಕಾಲೆರಡನ್ನೂ ಆಕಾಶಕ್ಕೆ ಎಸೆದಳು.

ಶನಿವಾರ ಹುಬ್ಬಳ್ಳಿಯಲ್ಲಿ ಪಂದ್ಯ.
ಬಸ್ಸಿನ ದುಡ್ಡು ಕೊಟ್ಟಿದ್ದೇನೆ, ತಂಗಿಗೆ ಹೇಳಿಲ್ಲ.
ತಿರುಗಿ ತಿರುಗಿ ಹುಡುಗಿಯ ನೆತ್ತಿಯಲ್ಲಿ
ಎರಡು ರೂಪಾಯಿ ನಾಣ್ಯದಷ್ಟು ಕೂದಲು ಹೋಗಿದೆ.
ರಾತ್ರಿ ಅಲ್ಲಿಗೆ ಎಣ್ಣೆ ಒತ್ತುತ್ತೇನೆ.
ಮೀನಿನ ಕೈ, ಥೂ, ಎಂದು ಕಿರುಚುತ್ತಾಳೆ.
ತಲೆ ಮಾತ್ರ ಸರಿಸುವುದಿಲ್ಲ.